ವಿಂಡೋಸ್ 11ರ ಹೊಸ ರೂಪ ಕೆಲಸಕ್ಕೆ ಒಗ್ಗುತ್ತಿಲ್ಲ. ಲಿನಕ್ಸ್‌ಗೆ ಹೋಗಲಾ, ಇಲ್ಲೇ ಇರಲಾ?

ಅಚ್ಚುಮೊಳೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಸಣ್ಣ ಡಿಟಿಪಿ ಸೆಂಟರ್ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆ, ಸೊಸೈಟಿಯ ವಾರ್ಷಿಕ ವರದಿ, ತಾಳಮದ್ದಳೆಯ ಕರಪತ್ರ, ಇಂಥವೇ ನನ್ನ ಕೆಲಸ. ನನ್ನ ಬಳಿ ಎರಡು ಕಂಪ್ಯೂಟರ್ ಇವೆ. ಒಂದು 2016ರಲ್ಲಿ ಜೋಡಿಸಿದ್ದು. ಇಂಟೆಲ್ ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 10. ಇನ್ನೊಂದು ಈ ವರ್ಷ ಯುಗಾದಿ ಹೊತ್ತಿಗೆ ತಂದ ಲ್ಯಾಪ್‌ಟಾಪ್. ಅದು ವಿಂಡೋಸ್ 11 ಜೊತೆಗೇ ಬಂದಿದೆ.

ಮೊನ್ನೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಹಳೇ ಕಂಪ್ಯೂಟರ್‌ಗೆ 11 ಹಾಕೋಣ ಎಂದರೆ ಅದರ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲೆ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನನ್ನ ಯಂತ್ರ ಮಾತ್ರ ಇನ್ನೂ ಗಟ್ಟಿಯಾಗಿದೆ. ನೂರು ಪುಟದ ಸಂಚಿಕೆಯನ್ನು ಇವತ್ತಿಗೂ ಸಲೀಸಾಗಿ ತೆರೆಯುತ್ತದೆ. ಅದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ.

ಇನ್ನೊಂದು ವಿಷಯ. 11 ಹಾಕಲು ಆಗುತ್ತಿದ್ದರೂ ನಾನು ಯೋಚಿಸುತ್ತಿದ್ದೆ. ಕಾರಣ ಟಾಸ್ಕ್‌ಬಾರ್, ಅಂದರೆ ತೆರೆದ ಪ್ರೋಗ್ರಾಂಗಳ ಐಕಾನ್ ಇರುವ ಪಟ್ಟಿ. ಹನ್ನೆರಡು ವರ್ಷದಿಂದ ಅದನ್ನು ಪರದೆಯ ಎಡಪಕ್ಕದಲ್ಲಿ ನಿಲ್ಲಿಸಿ ಕೆಲಸ ಮಾಡಿದವಳು ನಾನು. ಪುಟ ಉದ್ದಕ್ಕೆ ಇರುತ್ತದೆ, ಪರದೆ ಅಗಲಕ್ಕೆ ಇರುತ್ತದೆ. ಪಕ್ಕದಲ್ಲಿ ಜಾಗ ಬೇಕಾದಷ್ಟಿದೆ, ಮೇಲೆ ಕೆಳಗೆ ಇಲ್ಲ. ನನ್ನ ಹಳೇ ಮಾನಿಟರ್‌ನ ಎತ್ತರ 768 ಪಿಕ್ಸೆಲ್. ವಿಂಡೋಸ್ 10ರಲ್ಲಿ ಟಾಸ್ಕ್‌ಬಾರ್ 40 ಪಿಕ್ಸೆಲ್ ಇತ್ತು, 11ರಲ್ಲಿ 48. ಅದೂ ಕೆಳಗಡೆಯೇ ಇರಬೇಕು. ಪಕ್ಕಕ್ಕೆ ಸರಿಸುವ ಆಯ್ಕೆಯನ್ನೇ ತೆಗೆದಿದ್ದಾರೆ. 2021ರ ಅಕ್ಟೋಬರ್ 5ಕ್ಕೆ ಬಿಡುಗಡೆಯಾಗಿ ನಾಲ್ಕು ವರ್ಷವಾಯಿತು, ಇನ್ನೂ ವಾಪಸ್ ಬಂದಿಲ್ಲ. ಬಲ ಕ್ಲಿಕ್ ಮಾಡಿದರೆ ಮೊದಲು ಚಿಕ್ಕ ಮೆನು, ಬೇಕಾದ್ದು ಅದರಲ್ಲಿಲ್ಲ ಎಂದರೆ ಇನ್ನೊಂದು ಕ್ಲಿಕ್. ದಿನಕ್ಕೆ ನೂರಾರು ಸಲ ಮಾಡುವ ಕೆಲಸದಲ್ಲಿ ಒಂದು ಕ್ಲಿಕ್ ಜಾಸ್ತಿಯಾದರೂ ಸಂಜೆಗೆ ಕೈಗೆ ಗೊತ್ತಾಗುತ್ತದೆ.

ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ನನ್ನಂಥವರ ಕೆಲಸ ನಡೆಯುತ್ತದೆಯೇ? ಪ್ರೋಗ್ರಾಮರ್‌ಗಳ ಉತ್ತರಕ್ಕಿಂತ, ಅದರಲ್ಲಿ ದಿನವೂ ಕೂತು ಕನ್ನಡ ಬರೆಯುವವರ ಮಾತು ಬೇಕಾಗಿದೆ.

ಬಿಳಿಜೋಳ

ಅಕ್ಕಾ, ಅವಸರ ಮಾಡಬೇಡಿ. ವಿಜಯಪುರದಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಪ್ರತಿ ಸಲ ವಿಂಡೋಸ್ ರೂಪ ಬದಲಾದಾಗಲೂ ಅಂಗಡಿಗೆ ಜನ ಬಂದು ಇದನ್ನೇ ಕೇಳುತ್ತಾರೆ. 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ ತೆಗೆದು ಪರದೆ ತುಂಬಾ ಟೈಲ್ಸ್ ಹಾಕಿದ್ದರು. ಒಂದೇ ವರ್ಷದಲ್ಲಿ 8.1ರಲ್ಲಿ ಬಟನ್ ವಾಪಸ್ ಬಂತು. 2015ರಲ್ಲಿ ವಿಂಡೋಸ್ 10ರ ಜೊತೆ ಮೆನು ಕೂಡ ಬಂತು.

11ರಲ್ಲೂ ಹಾಗೇ ಆಗುತ್ತಿದೆ. ಶುರುವಿನಲ್ಲಿ ಫೈಲನ್ನು ಎಳೆದು ಟಾಸ್ಕ್‌ಬಾರ್ ಮೇಲೆ ಬಿಡಲು ಆಗುತ್ತಿರಲಿಲ್ಲ. 2022ರಲ್ಲಿ ಕೊಟ್ಟರು. ಕಿಟಕಿಗಳ ಹೆಸರು ಬೇರೆ ಬೇರೆಯಾಗಿ ಕಾಣುವ ಹಳೇ ರೀತಿ 2023ರಲ್ಲಿ ಬಂತು. ಬಲ ಕ್ಲಿಕ್ ಮೆನುವಿನಲ್ಲಿ ಕಾಪಿ, ಪೇಸ್ಟ್ ಬರೀ ಚಿತ್ರಗಳಾಗಿದ್ದವು, 2024ರ 24ಎಚ್2 ಅಪ್‌ಡೇಟ್‌ನಲ್ಲಿ ಅವುಗಳ ಜೊತೆ ಹೆಸರನ್ನೂ ಹಾಕಿದರು. ಐಕಾನ್‌ಗಳು ನಡುವೆ ಇರುವುದು ಇಷ್ಟವಿಲ್ಲ ಎಂದರೆ ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ತರಬಹುದು. ಪೂರ್ತಿ ಮೆನು ಬೇಕಾದರೆ ಶಿಫ್ಟ್ ಒತ್ತಿಕೊಂಡು ಬಲ ಕ್ಲಿಕ್ ಮಾಡಿ, ನೇರವಾಗಿ ಹಳೆಯದೇ ಬರುತ್ತದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ.

ಹಳೇ ಯಂತ್ರಕ್ಕೆ ಇಎಸ್‌ಯು, ಅಂದರೆ ಸಪೋರ್ಟ್ ಮುಗಿದ ಮೇಲಿನ ಹೆಚ್ಚುವರಿ ಅಪ್‌ಡೇಟ್ ಯೋಜನೆ ಇದೆ. 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. 30 ಡಾಲರ್ ಕಟ್ಟಬಹುದು. ಇಲ್ಲವಾದರೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು ಅಷ್ಟೇ. ಒಂದು ವರ್ಷ ಆರಾಮಾಗಿ ಯೋಚಿಸಿ.

ಹಳೇಬೇರು

ಬಿಳಿಜೋಳ ಅವರು ಕೊಟ್ಟ ಮಾಹಿತಿ ಎಲ್ಲ ಸರಿ. ಇಎಸ್‌ಯು ಇವತ್ತೇ ಹಾಕಿಕೊಳ್ಳಿ, ಅದರಲ್ಲಿ ನಷ್ಟವಿಲ್ಲ. ಆದರೆ ಕಾಯುವುದರ ಬಗ್ಗೆ ನನ್ನ ಮಾತು ಬೇರೆ.

ನಾನು 2008ರಿಂದ ಲಿನಕ್ಸ್ ಬಳಸುತ್ತಿದ್ದೇನೆ. ಲಿನಕ್ಸ್‌ನಲ್ಲಿ ಇಂಥ ಗಲಾಟೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2011ರ ಏಪ್ರಿಲ್‌ನಲ್ಲಿ ಒಂದೇ ತಿಂಗಳಲ್ಲಿ ಎರಡು ದೊಡ್ಡ ಬದಲಾವಣೆ ಬಂದವು. ಲಿನಕ್ಸ್‌ಗೆ ಪರದೆಯ ರೂಪ ಕೊಡುವ ತಂತ್ರಾಂಶಗಳಲ್ಲಿ ಒಂದಾದ ಗ್ನೋಮ್ 3 ಬಿಡುಗಡೆಯಾಯಿತು, ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 11.04ರಲ್ಲಿ ಯೂನಿಟಿ ಎಂಬ ಹೊಸ ರೂಪ ಬಂತು. ಹಳೇ ಮೆನು ಹೋಯಿತು, ಟಾಸ್ಕ್‌ಬಾರ್‌ನಂಥ ಪ್ಯಾನೆಲ್ ಹೋಯಿತು. ಲಿನಕ್ಸ್‌ನ ತಿರುಳಾದ ಕರ್ನೆಲ್ ಶುರುಮಾಡಿದ ಲೀನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3 ಹಿಡಿಸಲಿಲ್ಲ ಎಂದು ಬಹಿರಂಗವಾಗಿ ಹೇಳಿ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ರೂಪಕ್ಕೆ ಹೋದರು. ನಾವೆಲ್ಲ ಆಗ ರಾತ್ರಿಯಿಡೀ ಜಗಳವಾಡಿದ್ದೇವೆ.

ಆಮೇಲೆ ಆದದ್ದು ಮುಖ್ಯ. ಗ್ನೋಮ್ 2 ಬೇಕು ಎಂದವರು ಅದರ ಕೋಡ್ ತೆಗೆದುಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್‌ನ ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್‌ನವರು ಗ್ನೋಮ್ 3ರ ತಳದ ಮೇಲೆ ಹಳೇ ಕಾಲದ ಮೆನು ಮತ್ತು ಪ್ಯಾನೆಲ್ ಕಟ್ಟಿದರು. ಅದೇ ಸಿನಮನ್. ಉಬುಂಟು ಕೂಡ 2017ರಲ್ಲಿ ಯೂನಿಟಿ ಬಿಟ್ಟು ಗ್ನೋಮ್‌ಗೆ ಬಂತು. ಹಳೆಯದು ಬೇಕು ಎಂದವರು ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ. ಟಾಸ್ಕ್‌ಬಾರ್ ಎಡಕ್ಕೆ ಬೇಕು ಎಂದು ನೀವು ನಾಲ್ಕು ವರ್ಷ ಕಾದಿದ್ದೀರಿ. ಸಿನಮನ್‌ನಲ್ಲಿ ಪ್ಯಾನೆಲ್ ಮೇಲೆ ಬಲ ಕ್ಲಿಕ್ ಮಾಡಿ ಎಡಕ್ಕೆ ಸರಿಸಿದರೆ ಮುಗಿಯಿತು.

ನಿಮ್ಮ ಹಳೇ ಯಂತ್ರಕ್ಕೆ ಮಿಂಟ್ 22 ಹಾಕಿ. 2029ರವರೆಗೆ ಅಪ್‌ಡೇಟ್ ಇದೆ. 8 ಜಿಬಿ ರ‍್ಯಾಮ್ ಧಾರಾಳವಾಯಿತು. ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ. ಹಾರ್ಡ್‌ಡಿಸ್ಕ್ ಮುಟ್ಟದೆ ಎಲ್ಲ ನೋಡಬಹುದು. ವೈಫೈ, ಪ್ರಿಂಟರ್, ಸ್ಕ್ಯಾನರ್ ಮೂರನ್ನೂ ಅಲ್ಲೇ ಪರೀಕ್ಷಿಸಿ.

ಖಾತೆಪುಸ್ತಕ

ದಾವಣಗೆರೆಯಿಂದ. ನಾನು ಲೆಕ್ಕ ಬರೆಯುವವನು. ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾತ್ರ ಇದೆ. ನಮ್ಮೂರಿನ ಅಡಿಕೆ ಮಂಡಿ, ಬಟ್ಟೆ ಅಂಗಡಿ, ರೈಸ್ ಮಿಲ್ ಎಲ್ಲರ ಲೆಕ್ಕವೂ ಅದರಲ್ಲೇ. ಹಾಗಾಗಿ ನನಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮೇಡಂ, ನಿಮ್ಮ ಸೆಂಟರ್‌ನಲ್ಲಿ ಟ್ಯಾಲಿ ಅಥವಾ ಟೆಂಡರ್‌ಗೆ ಬೇಕಾಗುವ ಡಿಜಿಟಲ್ ಸಹಿಯ ಟೋಕನ್ ಇದ್ದರೆ ಒಂದು ವಿಂಡೋಸ್ ಯಂತ್ರ ಇಟ್ಟುಕೊಂಡೇ ಇರಿ.

ನೆರಳುಮರ

ಮ್ಯಾಕ್ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳುವ ಮುಂಚೆ ಒಂದು ಮಾತು. ನಾನು ಹತ್ತು ವರ್ಷದಿಂದ ಮ್ಯಾಕ್‌ನಲ್ಲೇ ಇದ್ದೇನೆ, ನನಗೆ ಅದು ಇಷ್ಟ. ಆದರೆ ಈ ಸೆಪ್ಟೆಂಬರ್ 15ಕ್ಕೆ ಬಂದ ಮ್ಯಾಕ್ಒಎಸ್ 26 ತಾಹೊದಲ್ಲಿ ಎಲ್ಲವನ್ನೂ ಗಾಜಿನ ಹಾಗೆ ಪಾರದರ್ಶಕ ಮಾಡಿದ್ದಾರೆ. ಹಿಂದಿನ ಬಣ್ಣ ಮುಂದೆ ಕಂಡು ಅಕ್ಷರ ಓದಲು ಕಷ್ಟ ಎಂದು ಅಲ್ಲಿಯೂ ಇದೇ ಚರ್ಚೆ ನಡೆಯುತ್ತಿದೆ. ಆಕ್ಸೆಸಿಬಿಲಿಟಿಯಲ್ಲಿ ಪಾರದರ್ಶಕತೆ ಕಡಿಮೆ ಮಾಡುವ ಆಯ್ಕೆ ಇದೆ, ಅದನ್ನು ಹಾಕಿಕೊಂಡೆ. ಒಂದು ಕಡೆಯ ಹೊಸ ರೂಪ ಬೇಡ ಎಂದು ಅಷ್ಟು ದುಡ್ಡು ಕೊಟ್ಟು ಇನ್ನೊಂದು ಕಡೆಯ ಹೊಸ ರೂಪಕ್ಕೆ ಬರಬೇಡಿ.

ಪಯಸ್ವಿನಿ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಹದಿನೈದು ವರ್ಷಕ್ಕೂ ಮೇಲಿನಿಂದ ಲಿನಕ್ಸ್ ಇದೆ. ಮೊದಲು ಐಟಿ@ಸ್ಕೂಲ್ ಯೋಜನೆ, ಈಗ ಕೈಟ್ ಎಂಬ ಸಂಸ್ಥೆ. ಉಬುಂಟುವನ್ನೇ ಶಾಲೆಗೆ ತಕ್ಕಂತೆ ಸಿದ್ಧಪಡಿಸಿ ಕೊಡುತ್ತಾರೆ. ಎಸ್‌ಎಸ್‌ಎಲ್‌ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ನಮ್ಮ ಮಕ್ಕಳು ಐದನೇ ತರಗತಿಯಿಂದ ಅದನ್ನೇ ನೋಡಿ ಬೆಳೆದವರು. ಅವರಿಗೆ ಅದು ಕಂಪ್ಯೂಟರ್, ಅಷ್ಟೇ. ಲಿನಕ್ಸ್ ಎಂಬ ಭಯ ಇಲ್ಲ.

ಭಯ ಇದ್ದದ್ದು ನಮಗೆ, ಅಧ್ಯಾಪಕರಿಗೆ. ನಾನು ಕಲಿತದ್ದು ವಿಂಡೋಸ್‌ನಲ್ಲಿ. ಮೊದಲ ಎರಡು ವಾರ ಫೈಲ್ ಎಲ್ಲಿ ಸೇವ್ ಆಯಿತು ಎಂದು ಹುಡುಕುವುದೇ ಕೆಲಸವಾಗಿತ್ತು. ಸಿ ಡ್ರೈವ್, ಡಿ ಡ್ರೈವ್ ಎಂದು ಇಲ್ಲಿ ಇಲ್ಲ. ಮೂರನೇ ವಾರ ಒಬ್ಬ ಏಳನೇ ತರಗತಿಯ ಹುಡುಗ ನನ್ನ ಪಕ್ಕ ನಿಂತು ಹೋಮ್ ಫೋಲ್ಡರ್ ಎಂದರೇನು ಎಂದು ಸರಿಯಾಗಿ ವಿವರಿಸಿದ. ಅವತ್ತಿನಿಂದ ತೊಂದರೆಯಾಗಿಲ್ಲ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಾರ್ಷಿಕೋತ್ಸವದ ಆಮಂತ್ರಣ ಎಲ್ಲವನ್ನೂ ವರ್ಡ್ ಬದಲಿಗೆ ಬಳಸುವ ಉಚಿತ ಲಿಬ್ರೆ ಆಫೀಸ್‌ನಲ್ಲೇ ಮಾಡುತ್ತೇನೆ.

ಅಚ್ಚುಮೊಳೆ ಅವರೇ, ನಿಮ್ಮದು ಅಚ್ಚಿನ ಕೆಲಸ. ನನಗಿಂತ ಕಷ್ಟದ್ದು. ಬಣ್ಣ, ಅಳತೆ ಎಲ್ಲ ಸರಿ ಬರಬೇಕು. ನಿಮ್ಮ ಫೈಲ್‌ಗಳು ಯಾವ ತಂತ್ರಾಂಶದಲ್ಲಿ ಇವೆ, ಯಾವ ಫಾಂಟ್‌ನಲ್ಲಿ ಇವೆ ಎಂದು ಮೊದಲು ಹೇಳಿ.

ಅಚ್ಚುಮೊಳೆ

ಪಯಸ್ವಿನಿ ಅಕ್ಕ ಕೇಳಿದ್ದು ನೋಡಿ ನಿನ್ನೆ ರಾತ್ರಿ ಕೂತು ಪಟ್ಟಿ ಮಾಡಿದೆ. ಇಷ್ಟು ವರ್ಷ ಎಣಿಸಿಯೇ ಇರಲಿಲ್ಲ.

ವರ್ಡ್ ಫೈಲ್‌ಗಳು ಸಾವಿರದ ನಾನೂರು ಚಿಲ್ಲರೆ. ಹೆಚ್ಚುಕಡಿಮೆ ಎಲ್ಲವೂ ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿ, ಕೆಲವು ಬರಹ ತಂತ್ರಾಂಶದ ಫಾಂಟ್‌ಗಳಲ್ಲಿ ಇವೆ. ಲಗ್ನಪತ್ರಿಕೆಯ ಮಾದರಿಗಳೆಲ್ಲ ಕೋರೆಲ್ ಎಂಬ ಚಿತ್ರವಿನ್ಯಾಸ ತಂತ್ರಾಂಶದಲ್ಲಿ. ಹಳೇ ಸ್ಮರಣ ಸಂಚಿಕೆಗಳು ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ. ಎಲ್ಲ ಕಂಪ್ಯೂಟರ್, ಫೋನ್‌ಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇರುವುದು ವಾಟ್ಸಾಪ್‌ನಲ್ಲಿ ಜನ ಕಳಿಸಿದ ಮ್ಯಾಟರ್ ಮಾತ್ರ. ಅದನ್ನೂ ನಾನು ನುಡಿಗೆ ಬದಲಿಸಿಕೊಂಡು ಬಳಸುತ್ತೇನೆ.

ಹಾಗಾದರೆ ನನಗೆ ಲಿನಕ್ಸ್ ಆಗುವುದಿಲ್ಲ ಅಲ್ವಾ?

ಚುಕ್ಕಿರಂಗೋಲಿ

ಅಕ್ಕಾ, ಆಗುತ್ತದೆ. ಆದರೆ ಟಾಸ್ಕ್‌ಬಾರ್ ವಿಷಯ ಸ್ವಲ್ಪ ಪಕ್ಕಕ್ಕಿಡೋಣ. ನೀವು ಬರೆದ ಪಟ್ಟಿಯೇ ನಿಜವಾದ ಗಂಟು.

ನಾನು ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತೇನೆ. ಹಳೇ ಪುಸ್ತಕಗಳ ಡಿಟಿಪಿ ಫೈಲ್‌ಗಳನ್ನು ಯೂನಿಕೋಡ್‌ಗೆ ತರುವ ಕೆಲಸ ಎರಡು ವರ್ಷ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಕಂಪ್ಯೂಟರ್‌ಗೆ ಗೊತ್ತಿರುವುದು ಕನ್ನಡ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಅವುಗಳ ಚಿತ್ರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ತಲೆಕಟ್ಟು ಒಂದು ತುಂಡು, ಒತ್ತು ಒಂದು ತುಂಡು, ಕೊಂಬು ಒಂದು ತುಂಡು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ, ಅಚ್ಚುಮನೆಗಳಲ್ಲಿ ಕನ್ನಡ ಇಷ್ಟು ಬೇಗ ಕಂಪ್ಯೂಟರ್‌ಗೆ ಬರುತ್ತಿರಲಿಲ್ಲ. ಈಗಿನ ನುಡಿ ಯೂನಿಕೋಡ್‌ನಲ್ಲೂ ಬರೆಯುತ್ತದೆ. ಆದರೆ ನಿಮ್ಮ ಸಾವಿರದ ನಾನೂರು ಫೈಲ್‌ಗಳು ಆ ಹಳೇ ಸಂಕೇತದಲ್ಲೇ ಉಳಿದಿವೆ.

ಆ ಫೈಲ್‌ಗಳಲ್ಲಿ ನೀವು ಒಂದು ಕನ್ನಡ ಹೆಸರನ್ನು ಹುಡುಕಿದ್ದೀರಾ? ಯಾವ ಸಂಚಿಕೆಯಲ್ಲಿ ಯಾರ ಲೇಖನ ಇತ್ತು ಎಂದು ಕಂಪ್ಯೂಟರ್ ಹೇಳಲಾರದು. ಫೋನ್‌ಗೆ ಕಳಿಸಿದರೆ ತೆರೆಯುವುದಿಲ್ಲ. ಅಂತರ್ಜಾಲಕ್ಕೆ ಹಾಕಿದರೆ ಗೂಗಲ್‌ಗೆ ಸಿಗುವುದಿಲ್ಲ. ನೀವು ವಿಂಡೋಸ್‌ನಲ್ಲೇ ಉಳಿದರೂ ಈ ತೊಂದರೆ ಹೋಗುವುದಿಲ್ಲ.

ಪರಿವರ್ತನೆ ಮಾಡುವ ಉಚಿತ ಸಾಧನಗಳು ಅಂತರ್ಜಾಲದಲ್ಲಿ ಇವೆ. ಎರಡು ಎಚ್ಚರಿಕೆ. ಫೈಲ್ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಬದಲಾಗಿ ಕೆಡುತ್ತವೆ, ಯಾಕೆಂದರೆ ಸಂಕೇತ ಎರಡಕ್ಕೂ ಒಂದೇ. ಹಾಗಾಗಿ ಇಂಗ್ಲಿಷ್ ಭಾಗಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ. ಎರಡನೆಯದು, ರ‍್ಯಾಂಕ್, ರ‍್ಯಾಲಿ ಇಂಥ ಪದಗಳು. ಯೂನಿಕೋಡ್‌ನಲ್ಲಿ ಸುಮ್ನೆ ರ, ವಿರಾಮ, ಯ ಎಂದು ಹಾಕಿದರೆ ಅರ್ಕಾವತ್ತು ಬಂದು ರ್ಯಾಂಕ್ ಆಗುತ್ತದೆ. ಇವನ್ನು ಕಣ್ಣಲ್ಲೇ ನೋಡಿ ತಿದ್ದಬೇಕು.

ಬೆರಳುಗಳ ಚಿಂತೆ ಬೇಡ. ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ, ನುಡಿಯಲ್ಲಿ ನೀವು ಬಳಸುವ ಅದೇ ರೀತಿ. ಒತ್ತಕ್ಷರಕ್ಕೆ ಅಲ್ಲಿಯೂ ಎಫ್ ಕೀಲಿಯನ್ನೇ ಒತ್ತಬೇಕು.

ಬಿಳಿಜೋಳ

ಚುಕ್ಕಿರಂಗೋಲಿ ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದರಿಂದ ನನ್ನ ಮಾತೇ ಗಟ್ಟಿಯಾಯಿತು. ಯೂನಿಕೋಡ್‌ಗೆ ಹೋಗುವುದಾದರೆ ವಿಂಡೋಸ್‌ನಲ್ಲೇ ಹೋಗಬಹುದಲ್ಲ? 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಕನ್ನಡ ಫೋನೆಟಿಕ್ ಕೀಲಿಮಣೆ ಒಳಗೇ ಇದೆ. ಕೋರೆಲ್ ಅಲ್ಲೇ ಓಡುತ್ತದೆ. ಅಕ್ಕ ಯಾಕೆ ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕು? ಫಾಂಟ್ ಬದಲು, ತಂತ್ರಾಂಶ ಬದಲು, ಆಪರೇಟಿಂಗ್ ಸಿಸ್ಟಮ್ ಬದಲು. ಮದುವೆ ಸೀಸನ್ ಹತ್ತಿರ ಬರುತ್ತಿದೆ. ಲಗ್ನಪತ್ರಿಕೆ ಒಂದು ದಿನ ತಡವಾದರೂ ಗಿರಾಕಿ ವಾಪಸ್ ಬರುವುದಿಲ್ಲ. ದುಡಿಯುವವರ ಕಷ್ಟ ನೋಡಿ ಸಲಹೆ ಕೊಡಬೇಕು.

ಹಳೇಬೇರು

ಸೀಸನ್ ಮುಗಿಯುವವರೆಗೆ ದುಡಿಯುವ ಯಂತ್ರ ಮುಟ್ಟಬಾರದು. ಇದನ್ನು ಪೂರ್ತಿ ಒಪ್ಪುತ್ತೇನೆ, ನಾನು ಮೊದಲೇ ಹೇಳಬೇಕಿತ್ತು.

ಆದರೆ ಅಕ್ಕನ ಬಳಿ ಎರಡು ಯಂತ್ರ ಇವೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11, ಕೋರೆಲ್ ಹಾಗೇ ಇರಲಿ. ಹಳೆಯದರಲ್ಲಿ ಈಗಿನ ಎಸ್‌ಎಸ್‌ಡಿ, ಅಂದರೆ ಫೈಲ್‌ಗಳೆಲ್ಲ ಇರುವ ಡಿಸ್ಕ್ ಬಿಚ್ಚಿ ಎತ್ತಿಡಿ. ಬೇರೆ ಎಸ್‌ಎಸ್‌ಡಿ ಹಾಕಿ ಅದಕ್ಕೆ ಮಿಂಟ್ ತುಂಬಿಸಿ. ಹಿಡಿಸಲಿಲ್ಲವೆಂದರೆ ಹಳೆಯದನ್ನು ಮತ್ತೆ ಸಿಕ್ಕಿಸಿ, ಹತ್ತು ನಿಮಿಷದ ಕೆಲಸ. ಒಂದು ಅಕ್ಷರವೂ ಕಳೆದುಹೋಗುವುದಿಲ್ಲ.

ಪೇಜ್‌ಮೇಕರ್ ಬಗ್ಗೆ ಒಂದು ಮಾತು. ಅದರ ಕೊನೆಯ ದೊಡ್ಡ ಆವೃತ್ತಿ 7, ಬಂದಿದ್ದು 2001ರಲ್ಲಿ. ಅದನ್ನು ಮಾಡಿದವರೇ ಬಿಟ್ಟಿದ್ದಾರೆ. ಆ ಫೈಲ್‌ಗಳನ್ನು ತೆರೆಯಲು, ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಹಳೇ ವಿಂಡೋಸ್ ಇಟ್ಟುಕೊಳ್ಳಿ, ಅದಕ್ಕೆ ಇಂಟರ್ನೆಟ್ ಕೊಡಬೇಡಿ. ತೆರೆದು, ಪಿಡಿಎಫ್ ಮಾಡಿ, ಮ್ಯಾಟರ್ ಹೊರತೆಗೆದು ಪರಿವರ್ತಿಸಿ.

ಹೊಸ ಸಂಚಿಕೆಗಳಿಗೆ ಸ್ಕ್ರೈಬಸ್ ಎಂಬ ಉಚಿತ ಪುಟವಿನ್ಯಾಸ ತಂತ್ರಾಂಶ ನೋಡಿ. 2024ರ ಜನವರಿಯಲ್ಲಿ ಬಂದ 1.6 ಅಥವಾ ಅದಕ್ಕಿಂತ ಹೊಸದೇ ಇರಬೇಕು. ಅದರ ಹಿಂದಿನ 1.4ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ನೋಡಿ ಬೇಸರಪಟ್ಟು ಬಿಟ್ಟವರು ತುಂಬಾ ಜನ. ಈಗ ಸರಿಯಾಗಿದೆ. ಪ್ರೆಸ್‌ಗೆ ಬೇಕಾದ ನಾಲ್ಕು ಬಣ್ಣದ ಸಿಎಂವೈಕೆ ಪಿಡಿಎಫ್ ಕೊಡುತ್ತದೆ. ಕೋರೆಲ್ ಫೈಲ್‌ಗಳ ಬಗ್ಗೆ ಆಸೆ ಹುಟ್ಟಿಸಲಾರೆ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರವಿನ್ಯಾಸ ತಂತ್ರಾಂಶ ಕೆಲವನ್ನು ತೆರೆಯುತ್ತದೆ, ಆದರೆ ಇದ್ದ ಹಾಗೇ ಬರುತ್ತದೆ ಎಂದು ನಂಬಿ ಪ್ರೆಸ್‌ಗೆ ಕಳಿಸಬೇಡಿ.

ಉಳ್ಳಾಲಮಳೆ

ಬೇರೆ ಎಸ್‌ಎಸ್‌ಡಿ ಹಾಕುವ ಸಲಹೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೋದ ವರ್ಷ ನಮ್ಮ ಊರಿನ ಒಂದು ಅಂಗಡಿಯಲ್ಲಿ ಲಿನಕ್ಸ್ ಹಾಕಿಕೊಡಿ ಎಂದು ಕೊಟ್ಟೆ. ಇರುವುದರ ಪಕ್ಕ ಹಾಕಿ ಎಂದಿದ್ದೆ. ಅವರು ಇಡೀ ಡಿಸ್ಕ್ ಅಳಿಸಿ ಹಾಕಿದರು. ಅಮ್ಮ ಬರೆದಿಟ್ಟಿದ್ದ ಶೋಭಾನೆ ಹಾಡುಗಳ ಫೈಲ್ ಹೋಯಿತು. ಅಮ್ಮನಿಗೆ ಬಾಯಲ್ಲಿ ಇರುವುದನ್ನು ಮತ್ತೆ ಹೇಳಿಸಿ ಬರೆದುಕೊಳ್ಳುತ್ತಿದ್ದೇನೆ. ಮುಂಚೆ ಬರೆದಾಗ ಅವರ ಅಕ್ಕನೂ ಜೊತೆಗಿದ್ದರು. ಈಗ ಅವರಿಲ್ಲ.

ಬ್ಯಾಕಪ್ ಎರಡು ಕಡೆ ಇರಲಿ. ಮನೆಯಲ್ಲಿ ಒಂದು, ಬೇರೆಯವರ ಮನೆಯಲ್ಲಿ ಒಂದು.

ದೂರತೀರ

ನಾನು ಮ್ಯೂನಿಕ್‌ನಲ್ಲಿ ಇದ್ದೇನೆ. ಈ ಚರ್ಚೆ ಓದುತ್ತಾ ಈ ಊರಿನ ಕಥೆ ನೆನಪಾಯಿತು.

ಮ್ಯೂನಿಕ್ ನಗರಾಡಳಿತ 2003ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿತು. ಲಿಮಕ್ಸ್ ಎಂದು ಹೆಸರಿಟ್ಟರು. ಸುಮಾರು ಹದಿನೈದು ಸಾವಿರ ಕಂಪ್ಯೂಟರ್‌ಗಳು. ಮುಗಿಯುವ ಹೊತ್ತಿಗೆ 2013 ಆಯಿತು. ಆಪರೇಟಿಂಗ್ ಸಿಸ್ಟಮ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದೊಂದು ಇಲಾಖೆಯೂ ವರ್ಷಗಟ್ಟಲೆ ಬಳಸಿದ್ದ ಅರ್ಜಿ ನಮೂನೆಗಳು, ಮ್ಯಾಕ್ರೋಗಳು, ಪತ್ರದ ಮಾದರಿಗಳನ್ನು ಹೊಸದಾಗಿ ಮಾಡಬೇಕಾಯಿತು. ಅದಕ್ಕಾಗಿಯೇ ವೋಲ್‌ಮಕ್ಸ್ ಎಂಬ ಬೇರೆ ತಂತ್ರಾಂಶ ಬರೆದರು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನವಾಯಿತು.

ಇದೇ ದೇಶದ ಉತ್ತರದಲ್ಲಿ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಮೂವತ್ತು ಸಾವಿರ ಕಂಪ್ಯೂಟರ್‌ಗಳನ್ನು ಲಿಬ್ರೆ ಆಫೀಸ್‌ಗೆ, ಆಮೇಲೆ ಲಿನಕ್ಸ್‌ಗೆ ತರುವುದಾಗಿ ಪ್ರಕಟಿಸಿತು. ಅವರು ಮೊದಲು ಕೈಹಾಕಿದ್ದು ಕಡತಗಳಿಗೆ, ಆಪರೇಟಿಂಗ್ ಸಿಸ್ಟಮ್ ಸರದಿ ನಂತರ. ಅಚ್ಚುಮೊಳೆ ಅವರಿಗೂ ನನಗೆ ಅದೇ ಕ್ರಮ ಸರಿ ಎನಿಸುತ್ತದೆ.

ಅಚ್ಚುಮೊಳೆ

ಇಪ್ಪತ್ತೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಏನಾಯಿತು ಎಂದು ಹೇಳಬೇಕು.

ಮೊದಲು ಹಳೇ ಎಸ್‌ಎಸ್‌ಡಿಯ ಎರಡು ಪ್ರತಿ ಮಾಡಿದೆ. ಒಂದನ್ನು ತಮ್ಮನ ಮನೆಗೆ ಕೊಟ್ಟೆ. ಉಳ್ಳಾಲಮಳೆ ಅವರ ಮಾತು ಓದಿ ಕಣ್ಣು ತುಂಬಿತು. ಆಮೇಲೆ ಹೊಸ ಎಸ್‌ಎಸ್‌ಡಿ ಹಾಕಿ ಮಿಂಟ್ ತುಂಬಿಸಿದೆ. ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಮೊದಲು ಮಾಡಿದ ಕೆಲಸ ಪ್ಯಾನೆಲನ್ನು ಎಡಕ್ಕೆ ಸರಿಸಿದ್ದು. ಅಲ್ಲಿ ಕಂಡಾಗ ಆದ ಸಮಾಧಾನ ಹೇಳಲಾರೆ. ನನ್ನ ಮೇಜು ನನಗೆ ವಾಪಸ್ ಸಿಕ್ಕ ಹಾಗಾಯಿತು.

ಪ್ರಿಂಟರ್ ಎರಡು ದಿನ ಸತಾಯಿಸಿತು. ಒಂದು ಹಳೇ ಲೇಸರ್ ಪ್ರಿಂಟರ್‌ಗೆ ಡ್ರೈವರ್ ಕೂರಲೇ ಇಲ್ಲ. ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿಟ್ಟಿದ್ದೇನೆ. ಇನ್ನೊಂದು ತಾನಾಗಿಯೇ ಗುರುತು ಹಿಡಿಯಿತು. ಸ್ಕ್ಯಾನರ್ ಕೆಲಸ ಮಾಡುತ್ತಿದೆ.

ಕೆಜಿಪಿ ಹಾಕಿಕೊಂಡು ಟೈಪ್ ಮಾಡಲು ಕೂತಾಗ ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ನಾನು ಇಷ್ಟು ದಿನ ಹೆದರಿದ್ದು ಇದಕ್ಕೇ.

ಫೈಲ್‌ಗಳನ್ನು ದಿನಕ್ಕೆ ಹತ್ತು ಹದಿನೈದರಂತೆ ಪರಿವರ್ತಿಸುತ್ತಿದ್ದೇನೆ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಒಂದು ಗಂಟೆ. ಇವತ್ತಿಗೆ ಇನ್ನೂರ ಅರವತ್ತು ಮುಗಿದಿವೆ. ಮೊನ್ನೆ ಒಬ್ಬರು ಬಂದು, ತೀರಿಹೋದ ಅವರ ತಂದೆ ಯಾವುದೋ ಹಳೇ ಸಂಚಿಕೆಯಲ್ಲಿ ಶರಾವತಿ ಮುಳುಗಡೆ ಬಗ್ಗೆ ಬರೆದಿದ್ದರು, ಸಿಗುತ್ತದೆಯೇ ಎಂದು ಕೇಳಿದರು. ಮುಂಚೆ ಆಗಿದ್ದರೆ ಒಂದೊಂದೇ ತೆರೆದು ನೋಡಬೇಕಿತ್ತು. ಅವತ್ತು ಪರಿವರ್ತನೆ ಆಗಿದ್ದ ಫೋಲ್ಡರ್‌ನಲ್ಲಿ ತಂದೆಯ ಹೆಸರು ಬರೆದು ಹುಡುಕಿದೆ. ಸಿಕ್ಕಿತು. ಮುದ್ರಿಸಿ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಕೋರೆಲ್ ಕೆಲಸಕ್ಕೆ ಲ್ಯಾಪ್‌ಟಾಪ್ ಇರುತ್ತದೆ, ವಿಂಡೋಸ್ 11 ಇರುತ್ತದೆ. ಬಿಳಿಜೋಳ ಅಣ್ಣ ಹೇಳಿದ ಶಿಫ್ಟ್ ಬಲ ಕ್ಲಿಕ್ ಈಗ ಕೈಗೆ ಹತ್ತಿದೆ. ಲಗ್ನಪತ್ರಿಕೆಯನ್ನು ಈ ಸೀಸನ್‌ನಲ್ಲಿ ಮುಟ್ಟುವುದಿಲ್ಲ. ಶಾಲೆಯ ಸಂಚಿಕೆಯನ್ನು ಮಾತ್ರ ಸ್ಕ್ರೈಬಸ್‌ನಲ್ಲಿ ಶುರು ಮಾಡಿದ್ದೇನೆ. ಒಳಪುಟಕ್ಕೆ ನೋಟೊ ಸೆರಿಫ್ ಕನ್ನಡ ಚೆನ್ನಾಗಿ ಕೂತಿದೆ. ತಲೆಬರಹಕ್ಕೆ ನುಡಿಯಲ್ಲಿ ಇದ್ದಷ್ಟು ಬಗೆ ಸಿಗುತ್ತಿಲ್ಲ, ಅದೊಂದು ಕೊರತೆ.

ಎರಡು ಪ್ರಶ್ನೆ ಉಳಿದಿವೆ. ತಲೆಬರಹದ ಫಾಂಟ್ ಯಾವುದು ಬಳಸುತ್ತೀರಿ? ರ‍್ಯಾಂಕ್ ಬರೆಯುವುದು ಹೇಗೆ? ಈ ಸಲ ಶಾಲೆಗೆ ಮೂವರು ರ‍್ಯಾಂಕ್ ವಿದ್ಯಾರ್ಥಿಗಳು ಇದ್ದಾರೆ.

ಬಿಳಿಜೋಳ

ಅಕ್ಕಾ, ಒಳ್ಳೆಯದಾಯಿತು. ನಾನು ಬೇಡ ಎಂದವನು, ಆದರೂ ಓದಿ ಖುಷಿಯಾಯಿತು. ಆ ಹಳೇ ಎಸ್‌ಎಸ್‌ಡಿಯನ್ನು ಆರು ತಿಂಗಳಿಗೊಮ್ಮೆಯಾದರೂ ಸಿಕ್ಕಿಸಿ ಆನ್ ಮಾಡಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದರೆ ಎಸ್‌ಎಸ್‌ಡಿಯಲ್ಲಿರುವ ಮಾಹಿತಿ ಅಳಿಯಬಹುದು. ಅದರ ಒಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲೂ ಇರಲಿ.

ಚುಕ್ಕಿರಂಗೋಲಿ

ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ ನೋಡಿ. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಎಲ್ಲ ಬಗೆ ಇದೆ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಅಚ್ಚಿಗೂ ಬಳಸಬಹುದು.

ರ‍್ಯಾಂಕ್ ಬರೆಯಲು ಲಿಬ್ರೆ ಆಫೀಸ್ ರೈಟರ್‌ನಲ್ಲಿ ರ ಹೊಡೆಯಿರಿ. ಎಫ್ ಒತ್ತುವ ಮುಂಚೆ ಇಂಗ್ಲಿಷ್‌ಗೆ ಬದಲಿಸಿ ಎರಡು, ಸೊನ್ನೆ, ಸೊನ್ನೆ, ಡಿ ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಬರೆದದ್ದು ಮಾಯವಾಗುತ್ತದೆ, ಕಣ್ಣಿಗೆ ಕಾಣದ ಒಂದು ಅಕ್ಷರ ಅಲ್ಲಿ ಕೂರುತ್ತದೆ. ಮತ್ತೆ ಕನ್ನಡಕ್ಕೆ ಬಂದು ಎಫ್, ಯ, ದೀರ್ಘ ಹೊಡೆಯಿರಿ. ಒಂದು ಸಲ ಮಾಡಿಟ್ಟುಕೊಂಡರೆ ಸಾಕು, ಉಳಿದ ಕಡೆ ಅದನ್ನೇ ಕಾಪಿ ಮಾಡಿ. ಮೂವರು ಮಕ್ಕಳಿಗೂ ನನ್ನ ಅಭಿನಂದನೆ ತಿಳಿಸಿ.